ಸಿಗ್ನಲ್ ಸತ್ತ ಮೇಲೆ ನಕ್ಷೆ: ಡೆತ್ ವ್ಯಾಲಿಯ ಕಚ್ಚಾ ದಾರಿಗಳು ಮತ್ತು ಆಫ್‌ಲೈನ್ ಜಿಪಿಎಸ್

ಅಮೆರಿಕದ ಕ್ಯಾಲಿಫೋರ್ನಿಯಾ–ನೆವಾಡಾ ಗಡಿಯಲ್ಲಿರುವ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 34 ಲಕ್ಷ ಎಕರೆ, ಹೆಚ್ಚುಕಡಿಮೆ ನಮ್ಮ ಬೆಳಗಾವಿ ಜಿಲ್ಲೆಯಷ್ಟು. ಬ್ಯಾಡ್‌ವಾಟರ್‌ನಲ್ಲಿ ನೆಲ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅಲ್ಲಿಂದಲೇ ಕಾಣುವ ಟೆಲಿಸ್ಕೋಪ್ ಶಿಖರ 3,368 ಮೀಟರ್ ಮೇಲಿದೆ. ಈ ಏರಿಳಿತದ ನಡುವೆ ಡಾಂಬರು, ಕಚ್ಚಾ ಎರಡೂ ಸೇರಿ ಸಾವಿರ ಮೈಲಿಗೆ ಹತ್ತಿರದಷ್ಟು ರಸ್ತೆಗಳಿವೆ. ಮೊಬೈಲ್ ಸಿಗ್ನಲ್ ಮಾತ್ರ ಫರ್ನೇಸ್ ಕ್ರೀಕ್, ಸ್ಟೋವ್‌ಪೈಪ್ ವೆಲ್ಸ್‌ನಂಥ ವಸತಿಗಳ ಆಸುಪಾಸಿನಲ್ಲಷ್ಟೇ ಸಿಗುತ್ತದೆ, ಅದೂ ಕುಂಟುತ್ತ.

ಬೇ ಏರಿಯಾದಿಂದಲೋ ಲಾಸ್ ಏಂಜಲೀಸ್‌ನಿಂದಲೋ ಚಳಿಗಾಲದ ರಜೆಗೆ ಇತ್ತ ಕಾರು ತಿರುಗಿಸುವವರಲ್ಲಿ ಕನ್ನಡದವರೂ ಇದ್ದಾರೆ. ಡಾಂಬರು ಬಿಟ್ಟು ಜೀಪು ದಾರಿಗೆ ಇಳಿಯುವ ಮುನ್ನ ಎಲ್ಲರೂ ಮಾಡುವ ಕೆಲಸ ಒಂದೇ: ಫೋನಿಗೆ ನಕ್ಷೆ ಇಳಿಸಿಕೊಳ್ಳುವುದು. ಅದು ಒಳ್ಳೆಯ ಅಭ್ಯಾಸ. ಆದರೆ ಇಳಿಸಿಕೊಂಡ ನಕ್ಷೆ ಖಚಿತವಾಗಿ ಹೇಳುವುದು ನೀವು ಎಲ್ಲಿದ್ದೀರಿ ಎಂಬ ಒಂದೇ ಸಂಗತಿಯನ್ನು. ನಿಮ್ಮ ಮುಂದೆ ದಾರಿ ಇದೆಯೇ, ಇದ್ದರೆ ನಿಮ್ಮ ಗಾಡಿ ಹೋಗುತ್ತದೆಯೇ, ಹೋದರೂ ಹೋಗಲು ಕಾನೂನಿನ ಒಪ್ಪಿಗೆ ಇದೆಯೇ, ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೂರಕ್ಕೂ ಉತ್ತರ ಕೊಡುವ ನಕ್ಷೆ ಒಂದೂ ಇಲ್ಲ.

ಉಪಗ್ರಹಕ್ಕೆ ಟವರ್ ಬೇಡ

ಜಿಪಿಎಸ್‌ಗೆ ಇಂಟರ್ನೆಟ್ ಬೇಕು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿಯೇ ಇದೆ. ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆರಡು ಸುತ್ತು ಹಾಕುವ ಉಪಗ್ರಹಗಳು ತಾವೆಲ್ಲಿದ್ದೇವೆ, ಈಗ ಸಮಯವೆಷ್ಟು ಎಂದು ಬಿಡದೆ ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಫೋನಿನೊಳಗಿನ ಚಿಪ್ ತನ್ನ ಸ್ಥಾನವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಫೋನಿನ ಪಾಲಿಗೆ ಇದು ಬರೀ ಕೇಳುವ ಕೆಲಸ; ತಿರುಗಿ ಏನನ್ನೂ ಕಳಿಸಬೇಕಿಲ್ಲ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನ್ 5 ಮೀಟರ್ ಆಸುಪಾಸಿನ ನಿಖರತೆ ಕೊಡುತ್ತದೆ. 2000ನೇ ಇಸವಿಯ ಮೇ ತಿಂಗಳವರೆಗೆ ಇದು ಸಾಧ್ಯವಿರಲಿಲ್ಲ. ನಾಗರಿಕರಿಗೆ ಸಿಗುವ ಸಂಕೇತವನ್ನು ಅಮೆರಿಕದ ಸೇನೆ ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದ ಮೇಲೆಯೇ ಜಿಪಿಎಸ್ ಎಂಬುದು ರಸ್ತೆಯ ಮೇಲೆ ನಂಬಬಹುದಾದ ವಸ್ತುವಾಯಿತು.

ಇಂಟರ್ನೆಟ್ ಒಂದು ಕಡೆ ಮಾತ್ರ ನೆರವಾಗುತ್ತದೆ. ಯಾವ ಉಪಗ್ರಹ ಈಗ ಎಲ್ಲಿದೆ ಎಂಬ ಪಂಚಾಂಗವನ್ನು ಫೋನ್ ಸಾಮಾನ್ಯವಾಗಿ ಮೊಬೈಲ್ ಜಾಲದಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಜಾಲ ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅದೂ ಸೆಕೆಂಡಿಗೆ 50 ಬಿಟ್‌ಗಳ ಆಮೆ ವೇಗದಲ್ಲಿ. ಒಂದು ಉಪಗ್ರಹದ ವಿವರಕ್ಕೆ ಅರ್ಧ ನಿಮಿಷ ಹಿಡಿದರೆ, ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿಗೆ ಹನ್ನೆರಡೂವರೆ ನಿಮಿಷ ಬೇಕು. ಬೆಂಗಳೂರಿನಿಂದ ವಿಮಾನದಲ್ಲಿ ಬಂದಿಳಿದು, ಮರುಭೂಮಿಯ ನಡುವೆ ಮೊದಲ ಬಾರಿ ನಕ್ಷೆ ತೆರೆದರೆ ನೀಲಿ ಚುಕ್ಕೆ ಕಾಣಿಸಲು ತಡವಾಗುವುದು ಇದಕ್ಕೇ. ಸಿಗ್ನಲ್ ಇರುವಾಗಲೇ ಆ್ಯಪ್ ತೆರೆದು ಐದು ನಿಮಿಷ ಬಿಟ್ಟಿರಿ, ಸಾಕು.

ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಇಸ್ರೋದ ಸಂಚರಣಾ ಕೇಂದ್ರವಿದೆ. ನಮ್ಮದೇ ನಾವಿಕ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಅಲ್ಲಿಂದಲೇ. ಆದರೆ ನಾವಿಕ್‌ನ ಸೇವೆ ಭಾರತ ಮತ್ತು ಅದರ ಸುತ್ತಲಿನ 1,500 ಕಿ.ಮೀ.ಗೆ ಸೀಮಿತ, ಕ್ಯಾಲಿಫೋರ್ನಿಯಾದಲ್ಲಿ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಜಿಪಿಎಸ್ ಜೊತೆಗೆ ಯುರೋಪಿನ ಗೆಲಿಲಿಯೋ, ರಷ್ಯಾದ ಗ್ಲೋನಾಸ್, ಚೀನಾದ ಬೈಡೂ ಸಂಕೇತಗಳನ್ನೂ ಫೋನ್ ಬಳಸಿಕೊಳ್ಳುತ್ತದೆ.

ಕಡಿದಾದ ಕಣಿವೆಗಳಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಟೈಟಸ್ ಕಣಿವೆಯ ಇಕ್ಕಟ್ಟಿನಲ್ಲಿ ಬಂಡೆಗೋಡೆಗಳ ನಡುವೆ 20 ಅಡಿಯೂ ಇಲ್ಲದ ಜಾಗಗಳಿವೆ. ಸಂಕೇತ ನೇರವಾಗಿ ಬಾರದೆ ಗೋಡೆಗೆ ಬಡಿದು ಬರುತ್ತದೆ, ಚುಕ್ಕೆ ಬೆಟ್ಟದ ಮೇಲಕ್ಕೆ ಹಾರುತ್ತದೆ. ಎರಡು ಆವರ್ತನಗಳನ್ನು ಕೇಳಬಲ್ಲ ಫೋನುಗಳಲ್ಲಿ ಈ ಕುಣಿತ ಕಡಿಮೆ. 2018ರಲ್ಲಿ ಶಿಯೋಮಿ ಮಿ 8ರೊಂದಿಗೆ ಬಂದ ಈ ಸೌಲಭ್ಯ ಈಗ ಹಲವು ಫೋನುಗಳಲ್ಲಿದೆ.

ನಾಲ್ಕು ಪಟ್ಟಿನ ಲೆಕ್ಕ

ಇಳಿಸಿಕೊಳ್ಳುವ ನಕ್ಷೆಯಲ್ಲಿ ಎರಡು ಬಗೆ. ರಾಸ್ಟರ್ ಎಂದರೆ ಚಿತ್ರ: ಕಾಗದದ ನಕ್ಷೆಯನ್ನೋ ಉಪಗ್ರಹ ಚಿತ್ರವನ್ನೋ ಸಣ್ಣ ಚೌಕಗಳಾಗಿ ಕತ್ತರಿಸಿಟ್ಟದ್ದು. ಈ ಚೌಕಗಳೇ ಟೈಲ್‌ಗಳು, ಸಾಮಾನ್ಯವಾಗಿ 256 ಪಿಕ್ಸೆಲ್ ಉದ್ದ, 256 ಅಗಲ. ವೆಕ್ಟರ್ ಎಂದರೆ ಚಿತ್ರವಲ್ಲ, ವಿವರ: ಇಲ್ಲಿಂದ ಇಲ್ಲಿಗೆ ಗೆರೆ, ಇದು ಕಚ್ಚಾ ರಸ್ತೆ, ಇದರ ಹೆಸರು ಇಂಥದ್ದು ಎಂಬ ಮಾಹಿತಿ. ಅದನ್ನು ಫೋನ್ ಆಗಿಂದಾಗ್ಗೆ ಚಿತ್ರವಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಕಣಿವೆಯ ಸೂಕ್ಷ್ಮ ಉಪಗ್ರಹ ಚಿತ್ರ ತಿನ್ನುವ ಜಾಗದಲ್ಲಿ ಇಡೀ ರಾಜ್ಯದ ವೆಕ್ಟರ್ ನಕ್ಷೆ ಕೂತುಬಿಡುತ್ತದೆ.

ರಾಸ್ಟರ್ ಇಳಿಸುವವರು ಸಿಕ್ಕಿಬೀಳುವುದು ಝೂಮ್ ಮಟ್ಟದಲ್ಲಿ. ಒಂದು ಮಟ್ಟ ಒಳಗೆ ಹೋದಾಗಲೆಲ್ಲ ಟೈಲ್‌ಗಳ ಸಂಖ್ಯೆ ನಾಲ್ಕು ಪಟ್ಟು. ಡೆತ್ ವ್ಯಾಲಿ ಇರುವ 36 ಡಿಗ್ರಿ ಅಕ್ಷಾಂಶದಲ್ಲಿ 15ನೇ ಮಟ್ಟದ ಒಂದು ಟೈಲ್ ಸರಿಸುಮಾರು ಒಂದು ಚದರ ಕಿ.ಮೀ. ನೆಲವನ್ನು ತೋರಿಸುತ್ತದೆ. ಉದ್ಯಾನ ಪೂರ್ತಿ ಬೇಕೆಂದರೆ ಹದಿನಾಲ್ಕು ಸಾವಿರ ಟೈಲ್. 16ನೇ ಮಟ್ಟಕ್ಕೆ 56 ಸಾವಿರ, 17ಕ್ಕೆ ಎರಡು ಲಕ್ಷ ದಾಟುತ್ತದೆ. ಹೋಟೆಲಿನ ವೈಫೈನಲ್ಲಿ ಹೊರಡುವ ಹಿಂದಿನ ರಾತ್ರಿ ಇದನ್ನು ಶುರುಮಾಡಿದರೆ ಬೆಳಗಾದರೂ ಮುಗಿಯದು. ಜಾಣತನವೆಂದರೆ ಇಡೀ ಪ್ರದೇಶವನ್ನು 13–14ನೇ ಮಟ್ಟದಲ್ಲಿ ಇಳಿಸಿ, ಓಡಾಡುವ ದಾರಿಯ ಎರಡೂ ಬದಿಯ ಕೆಲವು ಕಿಲೋಮೀಟರ್ ಪಟ್ಟಿಯನ್ನು ಮಾತ್ರ 16ರವರೆಗೆ ಇಳಿಸಿಕೊಳ್ಳುವುದು. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ಮುಚ್ಚಿ ತೆರೆದು, ಹೋಗಬೇಕಾದ ಕಡೆಗೆಲ್ಲ ಬೆರಳಾಡಿಸಿ ನೋಡಬೇಕು. ಬೂದು ಚೌಕ ಕಂಡರೆ ಅಲ್ಲಿ ನಕ್ಷೆ ಇಳಿದಿಲ್ಲ. ಮೊದಲು ನೋಡಿದ ಜಾಗವನ್ನು ಫೋನ್ ತಾತ್ಕಾಲಿಕವಾಗಿ ನೆನಪಿಟ್ಟುಕೊಂಡಿರುತ್ತದೆ. ಅದನ್ನೇ ಇಳಿಸಿಕೊಂಡದ್ದೆಂದು ನಂಬಿ ಮೋಸಹೋದವರು ಬೇಕಾದಷ್ಟು ಜನ.

ಗಣಿಗಾರನ ಗಾಡಿದಾರಿ ರಸ್ತೆಯಾದ ಬಗೆ

ಈ ಉದ್ಯಾನದ ರೇಂಜರ್‌ಗಳ ಬಾಯಲ್ಲಿ ಒಂದು ಕಹಿ ಮಾತು ಹುಟ್ಟಿಕೊಂಡಿತು: ಜಿಪಿಎಸ್‌ನಿಂದ ಸಾವು. 2009ರ ಆಗಸ್ಟ್‌ನಲ್ಲಿ ಇಲ್ಲಿ ಜೀಪಿನಲ್ಲಿ ಬಂದ ತಾಯಿ, ಮಗ ದೂರದ ಮೂಲೆಯೊಂದರಲ್ಲಿ ಮರಳಿಗೆ ಸಿಕ್ಕಿಬಿದ್ದರು. ದಿನಗಟ್ಟಲೆ ಕಳೆದ ಮೇಲೆ ರೇಂಜರ್ ಒಬ್ಬರು ಅವರನ್ನು ಪತ್ತೆ ಮಾಡಿದಾಗ ತಾಯಿ ಬದುಕಿದ್ದರು, ಮಗ ಇರಲಿಲ್ಲ. 2011ರ ವಸಂತದಲ್ಲಿ ಕೆನಡಾದಿಂದ ಲಾಸ್ ವೇಗಸ್‌ಗೆ ಹೊರಟ ದಂಪತಿಯನ್ನು ಜಿಪಿಎಸ್ ಉತ್ತರ ನೆವಾಡಾದ ಬೆಟ್ಟದ ದಾರಿಗೆ ತಿರುಗಿಸಿತು. ವ್ಯಾನ್ ಕೆಸರಿನಲ್ಲಿ ಹೂತಿತು, ಪತಿ ನೆರವು ಹುಡುಕಿ ನಡೆದುಹೋದವರು ಮರಳಲಿಲ್ಲ. ಪತ್ನಿ ಏಳು ವಾರ ವ್ಯಾನಿನಲ್ಲೇ ಬದುಕುಳಿದರು. ಇಂಥವುಗಳಲ್ಲಿ ಸಾಮಾನ್ಯವಾಗಿ ಉಪಗ್ರಹ ತಪ್ಪಿರುವುದಿಲ್ಲ. ಚುಕ್ಕೆ ಸರಿಯಾದ ಜಾಗದಲ್ಲೇ ಇರುತ್ತದೆ. ಸುಳ್ಳು ಹೇಳುವುದು ಚುಕ್ಕೆಯ ಕೆಳಗಿನ ಗೆರೆ.

ಆ ಗೆರೆ ಎಲ್ಲಿಂದ ಬಂತು? 1880ರ ದಶಕದ ಬೊರಾಕ್ಸ್ ಗಣಿಗಳಿಂದ ಹಿಡಿದು 1900ರ ನಂತರದ ಚಿನ್ನದ ಹುಚ್ಚಿನವರೆಗೆ ಈ ಬೆಟ್ಟಗಳನ್ನು ಬಗೆದವರು ಅದಿರು ಸಾಗಿಸಲು ಎಲ್ಲೆಂದರಲ್ಲಿ ಗಾಡಿದಾರಿ ಮಾಡಿಕೊಂಡರು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, 1947ರಿಂದ 1992ರವರೆಗೆ 1:24,000 ಪ್ರಮಾಣದಲ್ಲಿ ದೇಶದ ಮುಖ್ಯ ಭೂಭಾಗವನ್ನೆಲ್ಲ ಸುಮಾರು 55,000 ಹಾಳೆಗಳಲ್ಲಿ ಬಿಡಿಸಿತು. ಜಗತ್ತಿನ ಅತ್ಯುತ್ತಮ ನಕ್ಷಾಮಾಲೆಗಳಲ್ಲಿ ಅದೂ ಒಂದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅದರಲ್ಲಿ ಪಾಳುಬಿದ್ದ ಗಣಿದಾರಿಗಳು ತುಂಡುಗೆರೆಗಳಾಗಿ ಕೂತವು. ತುಂಡುಗೆರೆ ಎಂದರೆ ಏನೆಂದು ಕಾಗದ ಓದುವವನಿಗೆ ಗೊತ್ತಿತ್ತು.

ಗೆರೆಗಳು ಕಂಪ್ಯೂಟರಿಗೆ ಏರಿದಾಗ ಕೆಟ್ಟದ್ದು ಆ ತಿಳಿವಳಿಕೆಯೇ. 1990ರ ಜನಗಣತಿಗಾಗಿ ಅಮೆರಿಕದ ಜನಗಣತಿ ಇಲಾಖೆ ಟೈಗರ್ ಎಂಬ ರಸ್ತೆ ದತ್ತಾಂಶ ಕಟ್ಟಿತು. ಉದ್ದೇಶ ಮನೆ ಎಣಿಸುವುದು, ಜೀಪು ಓಡಿಸುವುದಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆ 2007–08ರಲ್ಲಿ ಈ ಟೈಗರ್ ದತ್ತಾಂಶವನ್ನು ಸಾರಾಸಗಟಾಗಿ ತನ್ನೊಳಗೆ ತುಂಬಿಕೊಂಡಿತು. ಆಗ ಹಳ್ಳಿಗಾಡಿನ ಎಷ್ಟೋ ಜಾಡುಗಳಿಗೆ ವಸತಿ ಬಡಾವಣೆಯ ರಸ್ತೆ ಎಂಬ ಹಣೆಪಟ್ಟಿ ಬಿತ್ತು. ಸ್ವಯಂಸೇವಕರು ಇಂದಿಗೂ ಒಂದೊಂದಾಗಿ ತಿದ್ದುತ್ತಿದ್ದಾರೆ. ಯಾರೂ ಓಡಾಡದ ಮರುಭೂಮಿಯ ಮೂಲೆಗೆ ತಿದ್ದುವ ಕೈ ಕೊನೆಗೆ ತಲುಪುವುದು ಸಹಜ. ಹೀಗೆ ನೂರು ವರ್ಷದ ಹಿಂದೆ ಕತ್ತೆಗಾಡಿ ಹೋದ ಜಾಡು ಇಂದು ದಾರಿ ಹುಡುಕುವ ಸಾಫ್ಟ್‌ವೇರ್‌ನ ಕಣ್ಣಿಗೆ ಜಯನಗರದ ಅಡ್ಡರಸ್ತೆಯಾಗಿ ಕಾಣಬಹುದು. ಅದು ಲೆಕ್ಕ ಹಾಕಿ, ಅರ್ಧ ಗಂಟೆ ಉಳಿಯುತ್ತದೆ, ಇತ್ತ ಬನ್ನಿ ಎನ್ನುತ್ತದೆ.

ಇದು ಹಳೆಯ ಕಾಲದ ರೋಗವಲ್ಲ. 2023ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಫಾರ್ಮುಲಾ ಒನ್ ಸ್ಪರ್ಧೆ ಮುಗಿಸಿ ಲಾಸ್ ಏಂಜಲೀಸ್‌ನತ್ತ ಹೊರಟವರಿಗೆ ಹೆದ್ದಾರಿಯಲ್ಲಿ ದೂಳಿನ ಬಿರುಗಾಳಿ ಎದುರಾಯಿತು. ಗೂಗಲ್ ಮ್ಯಾಪ್ಸ್ ತೋರಿಸಿದ ಬದಲಿ ದಾರಿ ಹಿಡಿದ ಕಾರುಗಳ ಸಾಲು ನೆವಾಡಾ ಮರುಭೂಮಿಯ ಕಚ್ಚಾ ಜಾಡಿನಲ್ಲಿ ಸಿಕ್ಕಿಕೊಂಡಿತು. ಕಂಪನಿ ಕ್ಷಮೆ ಕೇಳಿ ಆ ದಾರಿಯನ್ನು ತೆಗೆಯಿತು. ಆಗ ಅಲ್ಲಿದ್ದವರ ಫೋನುಗಳು ಆನ್‌ಲೈನ್‌ನಲ್ಲೇ ಇದ್ದವು ಎಂಬುದನ್ನು ಗಮನಿಸಬೇಕು.

ಗೆರೆ ಇದೆ, ಹಕ್ಕಿಲ್ಲ

1994ರಲ್ಲಿ ಕ್ಯಾಲಿಫೋರ್ನಿಯಾ ಮರುಭೂಮಿ ರಕ್ಷಣಾ ಕಾಯ್ದೆ ಬಂದು ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ವಾಹನ ನಿಷಿದ್ಧ ವನ್ಯಪ್ರದೇಶ ಎಂದು ಘೋಷಣೆಯಾಯಿತು. ರಾತ್ರಿ ಬೆಳಗಾಗುವುದರಲ್ಲಿ ಹಲವು ಜಾಡುಗಳು ಕಾನೂನಿನ ದೃಷ್ಟಿಯಲ್ಲಿ ಇಲ್ಲವಾದವು. ಹಳೆಯ ಯುಎಸ್‌ಜಿಎಸ್ ಹಾಳೆಗಳಲ್ಲಿ ಅವು ಇಂದಿಗೂ ಇವೆ, ಆ ಹಾಳೆಗಳನ್ನು ಪದರವಾಗಿ ತೋರಿಸುವ ಆ್ಯಪ್‌ಗಳಲ್ಲೂ ಇವೆ. ಉಳಿದ ದಾರಿಗಳಲ್ಲಿ ಕೆಲವು ಎರಡೂ ಬದಿ ವನ್ಯಪ್ರದೇಶ ಇಟ್ಟುಕೊಂಡು ನಡುವೆ ಕಿರಿದಾಗಿ ಒಳಹೊಕ್ಕಿವೆ. ಅಲ್ಲಿ ದಾರಿಯಿಂದ ಗಾಲಿ ಇಳಿಸಿದರೂ ಅಪರಾಧ.

ಪಕ್ಕದ ಸರ್ಕಾರಿ ಕಾಡುಗಳ ನಿಯಮ ಇನ್ನೂ ಕಟ್ಟುನಿಟ್ಟು. ಅಮೆರಿಕದ ಅರಣ್ಯ ಸೇವೆ 2005ರ ನಿಯಮದಂತೆ ಪ್ರತಿ ಕಾಡಿಗೂ ಮೋಟಾರು ವಾಹನ ಬಳಕೆ ನಕ್ಷೆ ಹೊರಡಿಸುತ್ತದೆ. ಎಂವಿಯುಎಂ ಎಂದೇ ಅದು ಪರಿಚಿತ. ನೋಡಲು ಬಲು ಕುರೂಪಿ: ಕಪ್ಪುಬಿಳುಪು, ಬೆಟ್ಟದ ಸುಳಿವಿಲ್ಲ, ಬರೀ ಗೆರೆ ಮತ್ತು ನಂಬರ್. ಆದರೆ ಕಾನೂನು ಅದೇ. ಅದರಲ್ಲಿಲ್ಲದ ದಾರಿ ನೆಲದ ಮೇಲೆ ಎಷ್ಟೇ ಚೆನ್ನಾಗಿದ್ದರೂ ಮುಚ್ಚಿದ ದಾರಿಯೇ. ಉಚಿತವಾಗಿ ಸಿಗುವ ಇದರ ಪಿಡಿಎಫ್ ಅನ್ನು ಅವೆಂಜಾ ಮ್ಯಾಪ್ಸ್‌ನಂಥ ಆ್ಯಪ್‌ಗೆ ಹಾಕಿಕೊಂಡರೆ ಅದರ ಮೇಲೆಯೇ ನಿಮ್ಮ ಚುಕ್ಕೆ ಓಡುತ್ತದೆ. ಚೆಂದದ ನಕ್ಷೆಗೆ ದುಡ್ಡು ಕೊಡುವ ಮುನ್ನ ಈ ಕುರೂಪಿಯನ್ನು ಇಳಿಸಿಕೊಳ್ಳಿ.

ಇನ್ನು ದಾರಿ ಇವತ್ತು ತೆರೆದಿದೆಯೇ ಎಂಬ ಪ್ರಶ್ನೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಉಳಿಕೆ ಇಲ್ಲಿ ಒಂದೇ ದಿನದಲ್ಲಿ 2.2 ಇಂಚು, ಅಂದರೆ ಒಂದು ವರ್ಷದ ಮಳೆ ಸುರಿಸಿತು. ಎರಡು ತಿಂಗಳ ಹತ್ತಿರ ಉದ್ಯಾನಕ್ಕೆ ಬೀಗ. ತೆರೆದ ಮೇಲೂ ಬಹಳಷ್ಟು ಕಚ್ಚಾ ದಾರಿಗಳು ಮುಚ್ಚಿಯೇ ಇದ್ದವು. ಆ ಜುಲೈನಲ್ಲಿ ಇಳಿಸಿದ ನಕ್ಷೆಗೆ ಇದ್ಯಾವುದೂ ಗೊತ್ತಿರಲು ಸಾಧ್ಯವಿಲ್ಲ. ಆಫ್‌ಲೈನ್ ನಕ್ಷೆ ಇಳಿಸಿದ ದಿನಕ್ಕೆ ನಿಂತುಹೋಗಿರುತ್ತದೆ. ಆದ್ದರಿಂದ ಉದ್ಯಾನದ ಅಧಿಕೃತ ರಸ್ತೆ ಸ್ಥಿತಿಯ ಪ್ರಕಟಣೆಯನ್ನು ಹೊರಡುವ ಬೆಳಿಗ್ಗೆ ನೋಡಿ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಯಾವ ಚಂದಾದಾರಿಕೆಗಿಂತ ಮೇಲು.

ರೇಸ್‌ಟ್ರ್ಯಾಕ್‌ನ 27 ಮೈಲಿ

ಒಂದು ದಾರಿಯನ್ನು ಹತ್ತಿರದಿಂದ ನೋಡೋಣ. ಯುಬಿಹಿಬಿ ಎಂಬ ಜ್ವಾಲಾಮುಖಿ ಕುಳಿಯ ಬಳಿ ಡಾಂಬರು ಮುಗಿಯುತ್ತದೆ. ಅಲ್ಲಿಂದ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಒಣ ಕೆರೆಗೆ 27 ಮೈಲಿ, 43 ಕಿ.ಮೀ. ಕಲ್ಲುಗಳು ತಾವಾಗಿ ಜಾರಿ ಗೀರು ಬಿಟ್ಟುಹೋಗುವ ಜಾಗವಿದು. ಆ ಒಗಟು ಬಿಡಿಸಿದ್ದರಲ್ಲೂ ಜಿಪಿಎಸ್‌ಗೆ ಪಾಲಿದೆ. ಸಂಶೋಧಕರು ಹೊರಗಿನಿಂದ ತಂದ ಕಲ್ಲುಗಳಿಗೆ ಜಿಪಿಎಸ್ ಕೂರಿಸಿ ಕಾದರು. 2013ರ ಡಿಸೆಂಬರ್‌ನಲ್ಲಿ ತೆಳು ಹಿಮಹಾಳೆಗಳು ಗಾಳಿಗೆ ತೇಲಿ ಕಲ್ಲನ್ನು ತಳ್ಳುವುದನ್ನು ಕಣ್ಣಾರೆ ಕಂಡರು.

ನಕ್ಷೆಯಲ್ಲಿ ಈ ದಾರಿ ನೆಟ್ಟಗಿದೆ, ಸಾಧುವಾಗಿದೆ. ನೆಲದಲ್ಲಿ ಅದು ತೊಳೆಹಲಗೆಯಂತೆ ಅಲೆಯಲೆಯಾಗಿ ಎದ್ದ ಜಲ್ಲಿ, ನಡುನಡುವೆ ಟೈರ್ ಸೀಳುವ ಚೂಪು ಕಲ್ಲು. ಎತ್ತರದ ಗಾಡಿ, ಗಟ್ಟಿ ಟೈರ್, ಪೂರ್ಣ ಗಾತ್ರದ ಸ್ಟೆಪ್ನಿ ಬೇಕು. ಆ್ಯಪ್ ಗಂಟೆಗೆ 50 ಕಿ.ಮೀ. ವೇಗ ಎಣಿಸಿ ಐವತ್ತು ನಿಮಿಷ ಎಂದರೆ ನಗಬೇಕು. ಎರಡು ಗಂಟೆ ಇಟ್ಟುಕೊಳ್ಳಿ. ಅಂದಹಾಗೆ ಬಾಡಿಗೆ ಕಾರಿನ ಕರಾರಿನಲ್ಲಿ ಡಾಂಬರು ಬಿಟ್ಟು ಇಳಿಯಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ, ಓದಿಕೊಳ್ಳುವುದು ಒಳಿತು.

ಮನೆಯಲ್ಲೇ ಕೂತು ಗುರುತು ಹಾಕಿಕೊಳ್ಳಬೇಕಾದ ತಾಣಗಳು ಇವು: ಕುಳಿಯ ಬಳಿ ಡಾಂಬರು ಮುಗಿಯುವ ಬಿಂದು; ಬಂದವರೆಲ್ಲ ಕೆಟಲ್ ನೇತುಹಾಕಿ ಹೋಗುವ ಟೀಕೆಟಲ್ ಜಂಕ್ಷನ್; ಪ್ಲಾಯಾದ ನಡುವಿನ ಗ್ರ್ಯಾಂಡ್‌ಸ್ಟ್ಯಾಂಡ್ ಎಂಬ ಕಪ್ಪು ಬಂಡೆ; ಅದರಾಚೆ ಲಿಪಿನ್‌ಕಾಟ್ ಗಣಿದಾರಿಯ ನೆತ್ತಿ. ಕೊನೆಯದನ್ನು ಗುರುತಿಸುವುದು ಹೋಗಲಿಕ್ಕಲ್ಲ, ಹೋಗದಿರಲಿಕ್ಕೆ. ಪ್ಲಾಯಾದಿಂದ ಸಲೈನ್ ಕಣಿವೆಗೆ ಅಡ್ಡಹಾದಿಯಂತೆ ಕಾಣುವ ಆ ಗೆರೆ ಒಂದು ಬದಿ ಪ್ರಪಾತವಿರುವ ಕಡಿದಾದ ಇಳಿಜಾರು. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಎಷ್ಟೋ ಕಡೆ ಹಿಂದಕ್ಕೆ ಹೋಗದೆ ವಿಧಿಯಿಲ್ಲ.

ಅದು ಕಡಿದಾದದ್ದೆಂದು ಮೊದಲೇ ಹೇಳುವುದು ಸಮೋನ್ನತಿ ರೇಖೆಗಳು. ಶಾಲೆಯ ಭೂಗೋಳದಲ್ಲಿ ಬಾಯಿಪಾಠ ಮಾಡಿ ಮರೆತ ಇವು ಇಲ್ಲಿ ಟೈರಿಗಿಂತ ಮುಖ್ಯ. ಎರಡು ರೇಖೆಗಳ ನಡುವಿನ ಎತ್ತರದ ಅಂತರ 40 ಅಡಿ ಇರುವ ಹಾಳೆಯಲ್ಲಿ, ಒಂದು ಕಿ.ಮೀ. ದಾರಿ ಹತ್ತು ರೇಖೆಗಳನ್ನು ದಾಟಿದರೆ 400 ಅಡಿ, ಅಂದರೆ 122 ಮೀಟರ್ ಏರಿದಂತೆ. ನೂರು ಮೀಟರಿಗೆ ಹನ್ನೆರಡು ಮೀಟರ್ ಏರು, ಸಡಿಲ ಕಲ್ಲಿನ ಮೇಲೆ. ರಸ್ತೆಯನ್ನು ಮಾತ್ರ ತೋರಿಸುವ ಸಾದಾ ನಕ್ಷೆ ಈ ಮಾತನ್ನು ಹೇಳುವುದೇ ಇಲ್ಲ.

ಹೊರಟ ಕೂಡಲೇ ಟ್ರ್ಯಾಕ್ ರೆಕಾರ್ಡಿಂಗ್ ಶುರುಮಾಡಿಬಿಡಬೇಕು. ಫೋನ್ ನೀವು ಸಾಗಿದ ಜಾಡನ್ನು ಬಿಂದು ಬಿಂದುವಾಗಿ ಬರೆದುಕೊಳ್ಳುತ್ತದೆ. ಹಳ್ಳದ ಜಲ್ಲಿಯಲ್ಲಿ ಹತ್ತು ಗಾಲಿಗುರುತುಗಳು ಹತ್ತು ದಿಕ್ಕಿಗೆ ಕವಲೊಡೆದಾಗ, ಕತ್ತಲಾದಾಗ, ಬಂದ ದಾರಿಯಲ್ಲೇ ಮರಳಲು ಇದಕ್ಕಿಂತ ನಂಬುಗೆಯದು ಬೇರಿಲ್ಲ, ಏಕೆಂದರೆ ಆ ಗೆರೆಯ ಮೇಲೆ ನಿಮ್ಮ ಗಾಡಿ ಆಗಲೇ ಸಾಗಿದೆ. ಬೇರೆಯವರಿಂದ ಜಾಡಿನ ಬಿಂದುಗಳಿರುವ ಜಿಪಿಎಕ್ಸ್ ಕಡತ ಪಡೆದರೆ ಅದು ರೆಕಾರ್ಡ್ ಆದ ಟ್ರ್ಯಾಕೋ, ಕೂತಲ್ಲೇ ಗೀಚಿದ ರೂಟೋ ಎಂದು ಕೇಳಿ ತಿಳಿಯಬೇಕು.

31 ಕಿಲೋಮೀಟರ್ ಆಚೆ

ಅಕ್ಷಾಂಶವನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ: ದಶಮಾಂಶ ಡಿಗ್ರಿ, ಡಿಗ್ರಿ ಮತ್ತು ದಶಮಾಂಶ ಮಿನಿಟು, ಡಿಗ್ರಿ–ಮಿನಿಟು–ಸೆಕೆಂಡು. ಸಿಕ್ಕಿಬಿದ್ದವರು ರೇಡಿಯೋದಲ್ಲಿ 36.4167 ಎಂದು ಹೇಳಿ, ಕೇಳಿದವರು 36 ಡಿಗ್ರಿ 41.67 ಮಿನಿಟು ಎಂದು ಬರೆದುಕೊಂಡರು ಅನ್ನಿ. ಮೊದಲನೆಯದು ವಾಸ್ತವವಾಗಿ 36 ಡಿಗ್ರಿ 25 ಮಿನಿಟು. ವ್ಯತ್ಯಾಸ 16.67 ಮಿನಿಟು, ನೆಲದ ಮೇಲೆ ಸುಮಾರು 31 ಕಿ.ಮೀ. ನೆರವಿನ ಗಾಡಿ ಬೇರೆ ಕಣಿವೆಗೇ ಹೋಗುತ್ತದೆ. ಜೊತೆಗೆ ಹೊರಡುವ ಗಾಡಿಗಳೆಲ್ಲ ಒಂದೇ ಬಗೆ ಇಟ್ಟುಕೊಳ್ಳುವುದಕ್ಕೆ ಸೆಟಿಂಗ್ಸ್‌ನಲ್ಲಿ ಒಂದು ನಿಮಿಷ ಸಾಕು. ಹಳೆಯ ಕಾಗದದ ಹಾಳೆಗಳಿಂದ ಅಂಕಿ ಓದುವವರು ಅಂಚಿನಲ್ಲಿ ನ್ಯಾಡ್ 27 ಎಂಬ ಹಳೆಯ ಸ್ಥಾನಮಾಪನ ಚೌಕಟ್ಟಿನ ಹೆಸರಿದೆಯೇ ನೋಡಬೇಕು. ಫೋನ್ ಬಳಸುವುದು ಡಬ್ಲ್ಯುಜಿಎಸ್ 84. ಎರಡರ ನಡುವೆ ಹತ್ತಾರು ಮೀಟರ್ ಜಾರುತ್ತದೆ.

ಆ್ಯಪ್, ಟ್ಯಾಬ್ಲೆಟ್, ಬಿಸಿಲು

ಅಮೆರಿಕದ ಜೀಪು ಮಂದಿಯಲ್ಲಿ ಗಾಯಾ ಜಿಪಿಎಸ್ ಮತ್ತು ಆನ್‌ಎಕ್ಸ್ ಆಫ್‌ರೋಡ್ ಹೆಚ್ಚು ಚಾಲ್ತಿ. ಎರಡರಲ್ಲೂ ಆಫ್‌ಲೈನ್ ನಕ್ಷೆಗೆ ಚಂದಾ ಕಟ್ಟಬೇಕು. ದುಡ್ಡಿಲ್ಲದೆ ಆಗಬೇಕೆಂದರೆ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಇವೆ. ಇವೆರಡರ ಬೇರು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿದೆ. ಅದರಲ್ಲಿ ಜಾಡುಗಳಿಗೆ ಗ್ರೇಡ್ 1ರಿಂದ 5ರವರೆಗೆ ಗಟ್ಟಿತನದ ಗುರುತು, ಫೋರ್‌ವೀಲ್ ಡ್ರೈವ್‌ಗೆ ಮಾತ್ರ ಎಂಬ ಟಿಪ್ಪಣಿ ಇರುತ್ತವೆ, ಯಾರಾದರೂ ತುಂಬಿದ್ದರೆ. ನನ್ನ ಆಯ್ಕೆ ಬೇರೆ ಬೇರೆ ಮೂಲದ ಎರಡು ಆ್ಯಪ್. ಎರಡರಲ್ಲೂ ಇರುವ ಗೆರೆಯನ್ನು ಅರ್ಧ ನಂಬಬಹುದು. ಒಂದರಲ್ಲಿ ಮಾತ್ರ ಇದ್ದರೆ ಉಪಗ್ರಹ ಚಿತ್ರ ತೆರೆದು ನೋಡಬೇಕು. ಉದ್ಯಾನದ ಮುದ್ರಿತ ನಕ್ಷೆಯೊಂದು ಗ್ಲೋವ್ ಬಾಕ್ಸ್‌ನಲ್ಲಿರಲಿ. ಅದಕ್ಕೆ ಚಾರ್ಜು ಬೇಡ.

ದೊಡ್ಡ ಪರದೆಗೆಂದು ಐಪ್ಯಾಡ್ ಒಯ್ಯುವವರು ಒಂದನ್ನು ಗಮನಿಸಬೇಕು. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ ಇಲ್ಲ, ಸೆಲ್ಯುಲಾರ್ ಮಾದರಿಯಲ್ಲಿ ಮಾತ್ರ ಇದೆ. ಸಿಮ್ ಹಾಕಬೇಕಿಲ್ಲ, ಮಾದರಿ ಅದಾಗಿರಬೇಕಷ್ಟೆ. ಐಫೋನಿಗೆ ಆ್ಯಪಲ್ ಹೇಳುವ ಬಳಕೆಯ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ವರೆಗೆ. ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು ದಾಖಲಾದದ್ದು 56.7. ಬೇಸಿಗೆ ಇರಲಿ, ವಸಂತದಲ್ಲೂ ಗಾಜಿನ ಹಿಂದೆ ಬಿಸಿಲಿಗೆ ಕೂತು ಚಾರ್ಜ್ ಆಗುತ್ತಿರುವ ಫೋನ್ ಕಾದು ತಾನಾಗಿ ಆರಿಹೋಗುತ್ತದೆ. ಎಸಿ ಗಾಳಿ ಬಡಿಯುವ ಕಡೆ ಅದನ್ನು ಕೂರಿಸಿ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಕರಗದಂತೆ ಏರ್‌ಪ್ಲೇನ್ ಮೋಡ್ ಇರಲಿ, ಜಿಪಿಎಸ್ ಅದರಲ್ಲೂ ಕೆಲಸ ಮಾಡುತ್ತದೆ.

ನಕ್ಷೆ ಕೂಗಲಾರದು

ಎಲ್ಲಿದ್ದೇವೆಂದು ತಿಳಿಯುವುದು ಬೇರೆ, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೆ. ತಿಳಿಸಲು ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ಬೇಕು, ಇಲ್ಲವೇ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್. 2022ರ ಐಫೋನ್ 14ರಿಂದ ಈಚಿನ ಮಾದರಿಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಅಮೆರಿಕದಲ್ಲಿದೆ. ಆಕಾಶ ತೆರೆದಿರಬೇಕು, ಫೋನನ್ನು ಉಪಗ್ರಹದತ್ತ ಹಿಡಿದು ನಿಲ್ಲಬೇಕು. ಕಣಿವೆಯ ತಳದಲ್ಲಿ ಇದು ಸಲೀಸಲ್ಲ.

ಅಲ್ಲಿ ಕೊಂಡ ಇನ್‌ರೀಚ್ ಅನ್ನು ಊರಿಗೆ ಬರುವಾಗ ಬ್ಯಾಗಿಗೆ ಹಾಕಿಕೊಂಡು, ಸ್ಪಿತಿಗೋ ಲಡಾಖಿಗೋ ಒಯ್ಯೋಣ ಎಂದುಕೊಳ್ಳುವವರಿದ್ದಾರೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥ ಉಪಗ್ರಹ ಸಂವಹನ ಸಾಧನವನ್ನು ಭಾರತಕ್ಕೆ ತರುವಂತಿಲ್ಲ, ಬಳಸುವಂತಿಲ್ಲ. ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ವಿದೇಶಿ ಚಾರಣಿಗರು ಇದೇ ಕಾರಣಕ್ಕೆ ಪೊಲೀಸರ ವಶವಾಗಿದ್ದಾರೆ. ಸಂಕೇತ ಕೇಳುವ ಕೆಲಸವನ್ನಷ್ಟೇ ಮಾಡುವ ಸಾದಾ ಜಿಪಿಎಸ್ ಸಾಧನದ ಹೆಸರೂ ಗಾರ್ಮಿನ್ ಎಂದೇ ಇರುವುದರಿಂದ, ಕೈಯಲ್ಲಿರುವುದು ಯಾವ ಮಾದರಿ ಎಂದು ಹೊರಡುವ ಮುನ್ನವೇ ನೋಡಿಕೊಳ್ಳುವುದು ವಾಸಿ.